ಹಾರಿದ ನ್ಯಾಟನ್ನೇ ಕಟ್ಟಿ: ಯುದ್ಧವಿಮಾನದ ಮಾದರಿಗೆ ಹನ್ನೆರಡು ಸೂತ್ರಗಳು

ನ್ಯಾಟ್ ಪುಟ್ಟ ವಿಮಾನ. ರೆಕ್ಕೆಯ ಹರವು ಏಳು ಮೀಟರೂ ಇಲ್ಲ, ಉದ್ದ ಒಂಬತ್ತು ಮೀಟರಿಗೂ ಕಡಿಮೆ. ಬ್ರಿಟನ್ನಿನ ಫಾಲೆಂಡ್ ಕಂಪನಿಗಾಗಿ ಡಬ್ಲ್ಯು.ಇ.ಡಬ್ಲ್ಯು. ಪೆಟರ್ ರೂಪಿಸಿದ ಇದು ಮೊದಲು ಹಾರಿದ್ದು 1955ರಲ್ಲಿ. ಬ್ರಿಟನ್ನಿನ ವಾಯುಪಡೆ ತರಬೇತಿಗೆಂದು ಎರಡು ಸೀಟಿನದನ್ನಷ್ಟೇ ಕೊಂಡಿತು. ಒಂದೇ ಸೀಟಿನ ಫೈಟರನ್ನು ನಂಬಿದ್ದು ಭಾರತ. ಪರವಾನಗಿ ಪಡೆದು ಬೆಂಗಳೂರಿನ ಹೆಚ್‌ಎಎಲ್‌ನಲ್ಲೇ ತಯಾರಿಸಿತು. 1965 ಮತ್ತು 1971ರ ಯುದ್ಧಗಳಲ್ಲಿ ಪಾಕಿಸ್ತಾನದ ಸೇಬರ್ ಜೆಟ್‌ಗಳಿಗೆ ಎದುರಾದದ್ದು ಈ ವಿಮಾನವೇ. ಕನ್ನಡ ನಾಡಿನ ಮೇಜಿನ ಮೇಲೆ ಮಾದರಿಯಾಗಿ ನಿಲ್ಲಲು ಇದಕ್ಕಿಂತ ತಕ್ಕ ಯುದ್ಧವಿಮಾನ ನನಗೆ ಕಾಣದು.

1. ಮೊದಲು ದಿನಾಂಕ ಗೊತ್ತುಮಾಡಿ, ಆಮೇಲೆ ಕಿಟ್ ಕೊಳ್ಳಿ. ‘ಒಂದು ನ್ಯಾಟ್’ ಕಟ್ಟುತ್ತೇನೆಂದು ಕೂತರೆ ಹೆಜ್ಜೆಹೆಜ್ಜೆಗೂ ಅನುಮಾನ: ಬೆಳ್ಳಿ ಬಣ್ಣವೋ ಹಸಿರೋ, ರೆಕ್ಕೆಯಡಿ ಇಂಧನದ ಟ್ಯಾಂಕ್ ಬೇಕೋ ಬೇಡವೋ, ಯಾವ ನಂಬರು? ಒಂದು ದಿನ, ಒಂದು ಸ್ಕ್ವಾಡ್ರನ್, ಒಂದು ವಿಮಾನ ಆರಿಸಿಕೊಳ್ಳಿ. 1971ರ ನವೆಂಬರ್ 22ರಂದು ಬೊಯ್ರಾದ ಮೇಲೆ ಸೇಬರ್‌ಗಳನ್ನು ಅಡ್ಡಗಟ್ಟಿದ 22ನೇ ಸ್ಕ್ವಾಡ್ರನ್ನಿನ ನಾಲ್ಕು ನ್ಯಾಟ್‌ಗಳಲ್ಲಿ ಒಂದಾಗಬಹುದು. ಮ್ಯಾಸಿ, ಗಣಪತಿ, ಸೋರೆಸ್, ಲಾಜರಸ್ ಅಂದು ಹಾರಿಸಿದವರು. ಅದೇ ವರ್ಷ ಡಿಸೆಂಬರ್ 14ರಂದು ಬಾಂಬು ಬೀಳುತ್ತಿದ್ದ ಶ್ರೀನಗರದ ರನ್‌ವೇಯಿಂದ ಮೇಲೇರಿ, ಮುಂದೆ ಮರಣೋತ್ತರ ಪರಮವೀರ ಚಕ್ರ ಪಡೆದ ನಿರ್ಮಲ್‌ಜೀತ್ ಸಿಂಗ್ ಸೇಖೋನ್ ಅವರ ವಿಮಾನವೂ ಆಗಬಹುದು. ದಿನ ಗೊತ್ತಾದರೆ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

2. ಡಬ್ಬಿಯ ಮೇಲಿನ ಹೆಸರಿಗೆ ಮೋಸಹೋಗಬೇಡಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಏರ್‌ಫಿಕ್ಸ್‌ನ ನ್ಯಾಟ್ ಎರಡು ಸೀಟಿನ ತರಬೇತಿ ವಿಮಾನ. ಅದರ ಮೈ ಉದ್ದ, ರೆಕ್ಕೆ ದೊಡ್ಡದು, ಫಿರಂಗಿ ಇಲ್ಲ. ಸೀಟು ಕಿತ್ತು ಬಣ್ಣ ಬದಲಿಸಿದರೆ ಅದು ಫೈಟರ್ ಆಗುವುದಿಲ್ಲ. ಅಜೀತ್ ಕೂಡ ಬೇರೆಯದೇ: ಹೆಚ್‌ಎಎಲ್ ಸುಧಾರಿಸಿ ಕಟ್ಟಿದ ರೂಪ, ಹಾರಿದ್ದು 1971ರ ಯುದ್ಧ ಮುಗಿದು ವರ್ಷಗಳಾದ ಮೇಲೆ.

3. ಅಳತೆಯ ಲೆಕ್ಕ ಹಾಕಿ. 1:72ರಲ್ಲಿ ನ್ಯಾಟ್‌ನ ರೆಕ್ಕೆ ಸುಮಾರು 93 ಮಿ.ಮೀ., ಅಂಗೈಯೊಳಗೇ ಕೂರುತ್ತದೆ. 1:48ರಲ್ಲಿ 140 ಮಿ.ಮೀ. ಪುಟ್ಟ ವಿಮಾನದ ಮಾದರಿಯಲ್ಲಿ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ. 1:72ರ ರೆಕ್ಕೆಯ ಹಿಂಬದಿಯ ಅಂಚು ಅರ್ಧ ಮಿ.ಮೀ. ದಪ್ಪವಿದ್ದರೆ ನಿಜವಿಮಾನದಲ್ಲಿ ಅದು 36 ಮಿ.ಮೀ.! ಎರಡು ಹೋಳುಗಳನ್ನು ಅಂಟಿಸುವ ಮೊದಲೇ ಒಳಮೈಯಿಂದ ಉಜ್ಜಿ ಆ ಅಂಚನ್ನು ತೆಳುಮಾಡಿ. ಇಡೀ ಮಾದರಿಯ ಚಹರೆಯನ್ನು ಬದಲಿಸುವ ಕೆಲಸ ಇದೊಂದೇ ಎಂದರೂ ತಪ್ಪಿಲ್ಲ.

4. ಫೋಟೊ ಕೂಡಿಹಾಕಿ, ಸಾಧ್ಯವಾದರೆ ಲೋಹವನ್ನೇ ನೋಡಿ. ದೆಹಲಿಯ ಪಾಲಂ ವಾಯುಪಡೆ ಸಂಗ್ರಹಾಲಯದಲ್ಲಿ ನ್ಯಾಟ್ ಇದೆ. 1965ರಲ್ಲಿ ಪಸ್ರೂರಿನಲ್ಲಿ ಇಳಿದು ಪಾಕಿಸ್ತಾನದ ವಶವಾದ ಇನ್ನೊಂದು ನ್ಯಾಟ್ ಇಂದಿಗೂ ಕರಾಚಿಯ ಸಂಗ್ರಹಾಲಯದಲ್ಲಿದೆ; ಅದರ ಚಿತ್ರಗಳು ಹೇರಳ. ಬೆಂಗಳೂರಿನವರು ಹೆಚ್‌ಎಎಲ್ ಸಂಗ್ರಹಾಲಯಕ್ಕೆ ಹೋಗಿ ಮಾರುತ್ ವಿಮಾನದ ಸುತ್ತ ನಿಧಾನವಾಗಿ ಸುತ್ತಲಿ: ರಿವೆಟ್ ಹೇಗೆ ಕೂತಿದೆ, ತಗಡಿನ ಅಂಚು ಎಲ್ಲಿ ಕೂಡುತ್ತದೆ, ಚಕ್ರದ ಗೂಡಿನಲ್ಲಿ ಕೊಳವೆಗಳು ಹೇಗೆ ಹಾಯ್ದಿವೆ ಎಂಬುದು ಕಣ್ಣಿಗೆ ಹತ್ತಬೇಕು. ಒಂದು ಎಚ್ಚರ: ಸಂಗ್ರಹಾಲಯಗಳಲ್ಲಿ ವಿಮಾನಗಳಿಗೆ ಮತ್ತೆಮತ್ತೆ ಬಣ್ಣ ಬಳಿದಿರುತ್ತಾರೆ. ಆಕಾರಕ್ಕೆ ಅಲ್ಲಿಯದನ್ನು ನಂಬಿ, ಬಣ್ಣಕ್ಕೆ ಯುದ್ಧಕಾಲದ ಫೋಟೊ ನಂಬಿ.

5. ಬಿಡಿಭಾಗಗಳನ್ನು ಸಾಬೂನು ನೀರಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಹಿಡಿಯದು. ಚೌಕಟ್ಟಿನಿಂದ ಬಿಡಿಸುವಾಗ ಮೊದಲು ದೂರದಲ್ಲಿ ಕತ್ತರಿಸಿ, ಎರಡನೆಯ ಸಲ ಹತ್ತಿರ. ಅಂಟು ಮುಟ್ಟುವ ಮೊದಲು ಒಣದಾಗಿಯೇ ಜೋಡಿಸಿ ನೋಡಿ.

6. ಅಂಟು ಮುಖ್ಯವಾಗಿ ಎರಡು ಬಗೆ, ಕೆಲಸವೂ ಎರಡು. ತೆಳು ಸಿಮೆಂಟ್ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ಬಣ್ಣ ಬಳಿದ ಜಾಗದಲ್ಲಿ ಅದು ಹಿಡಿಯದು, ಆ ಅಂಚನ್ನು ಮೊದಲು ಕೆರೆಯಬೇಕು. ಲೋಹದ ಹಾಳೆ, ರೆಸಿನ್ ಭಾಗಗಳಿಗೆ ಫೆವಿಕ್ವಿಕ್ ಬಗೆಯ ಅಂಟೇ ಬೇಕು.

7. ಮೂಗಿಗೆ ಭಾರ ಹಾಕಿ. ಮೂಗಿನಡಿ ಚಕ್ರವಿರುವ ವಿಮಾನದ ಮಾದರಿ ಭಾರವಿಲ್ಲದಿದ್ದರೆ ಬಾಲದ ಮೇಲೆ ಕುಕ್ಕರಿಸುತ್ತದೆ. ನ್ಯಾಟ್‌ನ ಮೂಗಿನಲ್ಲಿ ಜಾಗವೂ ಕಡಿಮೆ, ಆದ್ದರಿಂದ ಮೈಯ ಎರಡು ಹೋಳು ಕೂಡಿಸುವ ಮೊದಲೇ ತೂಗಿ ನೋಡಿ. ಮೀನುಗಾಳಕ್ಕೆ ಕಟ್ಟುವ ಸೀಸದ ಗುಂಡು ಒಳ್ಳೆಯದು. ಆದರೆ ಅದನ್ನು ಮರಕ್ಕೆ ಬಳಸುವ ಬಿಳಿ ಅಂಟಿನಿಂದ ಕೂರಿಸಲೇಬೇಡಿ: ಸೀಸ ಆ ಅಂಟಿನೊಂದಿಗೆ ಬೆರೆತು ಬಿಳಿ ಪುಡಿಯಾಗಿ ಉಬ್ಬುತ್ತದೆ, ವರ್ಷಗಳಾದ ಮೇಲೆ ಮಾದರಿ ಸೀಳುತ್ತದೆ. ಎಪಾಕ್ಸಿ ಬಳಸಿ, ಸೀಸ ಮುಟ್ಟಿದ ಕೈ ತೊಳೆಯಿರಿ.

8. ಫಿರಂಗಿಯ ಬಾಯಿ ಕೊರೆಯಿರಿ. ಗಾಳಿ ಒಳಹೋಗುವ ಎರಡು ಬಾಯಿಗಳ ಪಕ್ಕದಲ್ಲಿ ಒಂದೊಂದು 30 ಮಿ.ಮೀ. ಏಡನ್ ಫಿರಂಗಿ. 30ನ್ನು 48ರಿಂದ ಭಾಗಿಸಿದರೆ 0.6 ಮಿ.ಮೀ.ಗೆ ಕೊಂಚ ಮೇಲೆ, 72ರಿಂದಾದರೆ 0.4. ಕೈಡ್ರಿಲ್ಲಿಗೆ ಅದೇ ಗಾತ್ರದ ಬಿಟ್ ಹಾಕಿ. ಗಾಳಿಬಾಯಿಯ ಒಳಗಿನ ಜೋಡಣೆಯ ಗೆರೆಯನ್ನೂ ಪುಟ್ಟಿ ತುಂಬಿ ಅಳಿಸಿ. ಟಾರ್ಚ್ ಹಿಡಿದು ನೋಡುವವರು ಇದ್ದೇ ಇರುತ್ತಾರೆ, ಅವರು ಸರಿಯಾಗಿಯೇ ನೋಡುತ್ತಾರೆ.

9. ಕಾಕ್‌ಪಿಟ್ಟಿನ ಗಾಜಿಗೆ ಮಾತ್ರ ಬಿಳಿ ಅಂಟು. ಫೆವಿಕ್ವಿಕ್ ಬಗೆಯ ಅಂಟಿನ ಆವಿ ತಾಗಿದರೆ ಪಾರದರ್ಶಕ ಪ್ಲಾಸ್ಟಿಕ್ ಮಂಜಾಗುತ್ತದೆ.

10. ಬೆಳ್ಳಿ ಬಣ್ಣಕ್ಕೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. 1965ರ ಚಿತ್ರಗಳಲ್ಲಿ ನ್ಯಾಟ್ ಬೆಳ್ಳಿಯಾಗಿ ಹೊಳೆಯುತ್ತದೆ. 1971ರ ಹೊತ್ತಿಗೆ ಹಲವು ವಿಮಾನಗಳ ಮೇಲೆ ಹಸಿರು, ಮಣ್ಣಿನ ಬಣ್ಣ ಬಂದಿತ್ತು. ಹಸಿರು ಕೆಲವು ತಪ್ಪುಗಳನ್ನು ಮುಚ್ಚುತ್ತದೆ. ಬೆಳ್ಳಿ ಒಂದನ್ನೂ ಮುಚ್ಚದು, ಕೂದಲೆಳೆಯ ಗೀರನ್ನೂ ಎತ್ತಿ ತೋರಿಸುತ್ತದೆ. ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರ್ 600ರಿಂದ ಆರಂಭಿಸಿ 2000ದವರೆಗೆ ಒದ್ದೆಯಾಗಿ ಉಜ್ಜಿ. ಹೊಳಪು ಕಪ್ಪು ಬಣ್ಣವನ್ನು ತಳಕ್ಕೆ ಹಾಕಿ, ಪೂರ್ತಿ ಒಣಗಿದ ಮೇಲೆ ಲೋಹದ ಬಣ್ಣವನ್ನು ಏರ್‌ಬ್ರಷ್‌ನಿಂದ ತೀರ ತೆಳುವಾಗಿ, ಪದರ ಪದರವಾಗಿ ಕೊಡಿ. ನಿಮ್ಮ ಫೋಟೊದಲ್ಲಿ ಒಂದು ತಗಡಿಗೂ ಪಕ್ಕದ್ದಕ್ಕೂ ಹೊಳಪು ಬೇರೆಯಾಗಿ ಕಂಡರೆ ಅದು ಬರಿಯ ಲೋಹ. ಸುತ್ತ ಟೇಪ್ ಅಂಟಿಸಿ ಒಂದೊಂದು ತಗಡಿನ ಛಾಯೆಯನ್ನೂ ಬದಲಿಸಿ. ಒಂದೇ ಸಮನಾಗಿದ್ದರೆ ಹಾಗೆಯೇ ಬಿಡಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಲ್ಯಾಕರ್ ಬಣ್ಣ ಗಾಳಿಯ ತೇವಕ್ಕೆ ಬೆಳ್ಳಗೆ ಮಸುಕಾಗುತ್ತದೆ. ಒಣಹವೆಯ ದಿನಕ್ಕೆ ಕಾಯಿರಿ. ಕಿಟಕಿ ತೆರೆದಿರಲಿ, ಮುಖಕ್ಕೆ ಮಾಸ್ಕ್ ಇರಲಿ.

11. ಡಿಕಾಲ್, ಅಂದರೆ ಗುರುತುಗಳ ಅಂಟುಚಿತ್ರ, ಹಚ್ಚುವ ಮೊದಲು ಹೊಳಪಿನ ವಾರ್ನಿಷ್. ಒರಟು ಮೈಯ ಮೇಲೆ ಹಚ್ಚಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಅಂಚು ಬೆಳ್ಳಗೆ ಮಿನುಗುತ್ತದೆ. ನಮ್ಮ ವಾಯುಪಡೆಯ ವೃತ್ತದಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಕೇಸರಿ ಡಿಕಾಲ್ ತೆಳುವಾಗಿದ್ದರೆ ಹಸಿರು ಮೈಯ ಮೇಲೆ ಮಂಕಾಗುತ್ತದೆ. ಅಡಿಗೆ ಬಿಳಿ ವೃತ್ತ ಬಳಿದುಕೊಳ್ಳಿ. ಮಸಿ, ಎಣ್ಣೆಕಲೆಗಳಲ್ಲಿ ಹಿಡಿತವಿರಲಿ. ನೆಲದ ಸಿಬ್ಬಂದಿ ಈ ವಿಮಾನಗಳನ್ನು ದಿನವೂ ಒರೆಸಿ, ಜತನದಿಂದ ನೋಡಿಕೊಂಡವರು. ಫಿರಂಗಿಯ ಬಾಯಿ, ಎಂಜಿನ್ನಿನ ಬಾಲ, ಪೈಲಟ್ ಹತ್ತುವ ಜಾಗ, ಇಷ್ಟರಲ್ಲಿ ಕಲೆ ಸಾಕು.

12. ಚಕ್ರದ ಭಂಗಿಯನ್ನು ಬೇಗ ನಿರ್ಧರಿಸಿ. ನ್ಯಾಟ್‌ಗೆ ಬೇರೆ ಏರ್‌ಬ್ರೇಕ್ ಇಲ್ಲ. ಚಕ್ರಗಳನ್ನು ಅರೆಯಷ್ಟೇ ಇಳಿಸಿದರೆ ಅವುಗಳ ಬಾಗಿಲುಗಳೇ ಗಾಳಿಗೆ ಅಡ್ಡನಿಂತು ವೇಗ ತಗ್ಗಿಸುತ್ತವೆ. ತೂಕ ಉಳಿಸಲು ಪೆಟರ್ ಮಾಡಿದ ಈ ಉಪಾಯ ನನಗೆ ಬಲು ಮೆಚ್ಚು. ಚಕ್ರ ಪೂರ್ತಿ ಇಳಿಸಿ ನೆಲದ ಮೇಲೆ ನಿಲ್ಲಿಸಿದ ಮಾದರಿಗಳು ಎಲ್ಲೆಲ್ಲೂ ಇವೆ. ಸ್ಟ್ಯಾಂಡಿನ ಮೇಲೆ, ಹಾರಾಟದ ನಡುವೆ ಅರೆ ಇಳಿದ ಬಾಗಿಲುಗಳೊಂದಿಗೆ ತೋರಿಸಿದರೆ ನ್ಯಾಟ್‌ನ ಈ ಗುಣ ಎದ್ದು ಕಾಣುತ್ತದೆ. ಹಾಗೆ ತೋರಿಸುವುದಾದರೆ ಸ್ಟ್ಯಾಂಡಿನ ತೂತನ್ನು ಮೈ ಮುಚ್ಚುವ ಮೊದಲೇ ಕೊರೆದಿರಬೇಕು, ಸೀಟಿನಲ್ಲಿ ಪೈಲಟ್ ಕೂತಿರಬೇಕು.