ಊಟ ಬಿಟ್ಟರೂ ಇಳಿಯದ ತೂಕ

ಕಳೆದ ವರ್ಷದ ಶ್ರಾವಣ ಮಾಸದಲ್ಲಿ ನ್ಯಾಮತಿ ಕಡೆಯ ಹಳ್ಳಿಯೊಂದರಿಂದ ಶ್ರೀಮಠದ ಭಕ್ತರಾದ ತಾಯಿಯೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ವಯಸ್ಸು 54, ತೂಕ 76 ಕಿಲೋ. ಬೆಳಗಿನ ಬರಿಹೊಟ್ಟೆಯ ಸಕ್ಕರೆ 148. ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ 7.6. ರಕ್ತದ ಕೊಬ್ಬಿನ ಪೈಕಿ ಟ್ರೈಗ್ಲಿಸರೈಡ್ 236. ಸಕ್ಕರೆಗೆ ಬೇರೆ ವೈದ್ಯರು ಕೊಟ್ಟ ಮಾತ್ರೆಗಳನ್ನು ತಪ್ಪದೆ ನುಂಗುತ್ತಿದ್ದರು. “ರಾತ್ರಿ ಊಟ ಬಿಟ್ಟು ಮೂರು ತಿಂಗಳಾತು ಡಾಕ್ಟ್ರೇ, ತೂಕ ಮಾತ್ರ ಇದ್ದಂಗೇ ಐತಿ. ನನ್ನ ಮೈಯೇ ಹಿಂಗೇನೋ” ಎಂದು ಕಣ್ಣು ತುಂಬಿಕೊಂಡರು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಭಕ್ತರಿಂದ ಈ ಮಾತನ್ನು ನಾವು ಮತ್ತೆ ಮತ್ತೆ ಕೇಳುತ್ತಿದ್ದೇವೆ. ಇವರಾರೂ ಸೋಮಾರಿಗಳಲ್ಲ, ಬಾಯಿಚಪಲದವರೂ ಅಲ್ಲ. ಪ್ರಯತ್ನಿಸಿ ಸೋತವರು. ಆದ್ದರಿಂದ ಈ ಸಂಚಿಕೆಯಲ್ಲಿ, ಪ್ರಯತ್ನವು ಏಕೆ ಸೋಲುತ್ತದೆ, ಎಲ್ಲಿ ತಿದ್ದಿಕೊಂಡರೆ ಫಲ ಕೊಡುತ್ತದೆ ಎಂಬುದನ್ನು ವಿಚಾರಿಸೋಣ.

ಮೂರು ತೊಂದರೆ, ಒಂದೇ ಬೇರು

“ನಾವು ಲಿಂಗವಂತರು, ಮೊಟ್ಟೆ ಮಾಂಸ ಮುಟ್ಟದವರು. ನಮಗೆ ಕೊಲೆಸ್ಟರಾಲ್ ಎಲ್ಲಿಂದ ಬಂತು?” ಎಂಬುದು ಭಕ್ತರ ಮೊದಲ ಪ್ರಶ್ನೆ. ರಕ್ತದಲ್ಲಿರುವ ಕೊಲೆಸ್ಟರಾಲಿನ ಹೆಚ್ಚಿನ ಪಾಲು ಹೊರಗಿನಿಂದ ಬಂದದ್ದಲ್ಲ, ನಮ್ಮ ಯಕೃತ್ತೇ ತಯಾರಿಸಿದ್ದು. ಬೆಣ್ಣೆ, ವನಸ್ಪತಿ, ಪದೇ ಪದೇ ಕಾಯಿಸಿದ ಕರಿದೆಣ್ಣೆ ಅದನ್ನು ಹೆಚ್ಚಿಸುತ್ತವೆ. ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಕೊಬ್ಬಿನ ಕಥೆಯೇ ಬೇರೆ. ದೇಹದ ದುಡಿಮೆಗೆ ಬೇಕಾದುದಕ್ಕಿಂತ ಹೆಚ್ಚಾಗಿ ಉಂಡ ಅನ್ನ, ಸಕ್ಕರೆ, ಬೆಲ್ಲ, ಮೈದಾಗಳನ್ನು ಯಕೃತ್ತು ಕೊಬ್ಬಾಗಿ ಮಾರ್ಪಡಿಸಿ ರಕ್ತಕ್ಕೆ ಬಿಡುತ್ತದೆ, ತನ್ನಲ್ಲೂ ತುಂಬಿಕೊಳ್ಳುತ್ತದೆ. ಹೊಟ್ಟೆಯ ಸುತ್ತ ಕೊಬ್ಬು ಶೇಖರವಾದಂತೆ ಇನ್ಸುಲಿನ್ನಿನ ಮಾತನ್ನು ದೇಹ ಕೇಳದಾಗುತ್ತದೆ, ಸಕ್ಕರೆ ಏರುತ್ತದೆ. ಬೊಜ್ಜು, ಸಕ್ಕರೆ, ರಕ್ತದ ಕೊಬ್ಬು ಇವು ಮೂರು ಬೇರೆ ಬೇರೆ ಶಾಪಗಳಲ್ಲ, ಒಂದೇ ಬೇರಿನ ಮೂರು ಕೊಂಬೆಗಳು.

ಆದುದರಿಂದ ತೂಕದ ಯಂತ್ರಕ್ಕಿಂತ ಮೊದಲು ಅಳತೆಪಟ್ಟಿಯನ್ನು ಹಿಡಿಯಬೇಕು. ನಮ್ಮ ದೇಶದ ಪುರುಷರಲ್ಲಿ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರ ವಹಿಸಬೇಕು. ಬರಿಹೊಟ್ಟೆಯ ಸಕ್ಕರೆ 100ರಿಂದ 125ರ ನಡುವೆ ಇದ್ದರೆ ಮಧುಮೇಹದ ಹೊಸ್ತಿಲು. 126 ಮತ್ತು ಮೇಲ್ಪಟ್ಟು ಮತ್ತೆ ಮತ್ತೆ ಕಂಡರೆ ಮಧುಮೇಹ. ಟ್ರೈಗ್ಲಿಸರೈಡ್ 150ರ ಒಳಗಿರಬೇಕು.

ಶಾಸ್ತ್ರವು ಕಂಡದ್ದು

ಚರಕ ಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಸ್ಥೌಲ್ಯವನ್ನು ವಿವರಿಸುತ್ತದೆ. ಅಲ್ಲಿ ಹೇಳಿರುವ ಒಂದು ಸಂಗತಿಯನ್ನು ನಾವು ಪ್ರತಿ ರೋಗಿಗೂ ತಿಳಿಸುತ್ತೇವೆ. ಸ್ಥೂಲಕಾಯದವರಲ್ಲಿ ಮೇದಸ್ಸು ಸ್ರೋತಸ್ಸುಗಳನ್ನು ತಡೆಯುವುದರಿಂದ ವಾಯುವು ಕೋಷ್ಠದಲ್ಲೇ ಸಂಚರಿಸಿ ಜಠರಾಗ್ನಿಯನ್ನು ಊದಿ ಉರಿಸುತ್ತದೆ. ಹೀಗಾಗಿ ಹಸಿವು ತೀವ್ರವಾಗುತ್ತದೆ. ಉಂಡದ್ದು ಮೇದಸ್ಸನ್ನೇ ಬೆಳೆಸುತ್ತದೆ, ಉಳಿದ ಧಾತುಗಳು ಸೊರಗುತ್ತವೆ. ಮೈ ದಪ್ಪ, ಆದರೆ ಮೆಟ್ಟಿಲು ಹತ್ತಿದರೆ ಏದುಸಿರು. ಹಸಿವು ಹೆಚ್ಚು, ಆದರೆ ಬಲ ಕಡಿಮೆ. ಇದು ರೋಗದ ಸ್ವಭಾವ, ರೋಗಿಯ ಗುಣದೋಷವಲ್ಲ.

ಚಿಕಿತ್ಸೆಯ ಸೂತ್ರವೂ ಅಲ್ಲೇ ಇದೆ. ಕೊಡುವ ಆಹಾರ ಗುರುವಾಗಿರಬೇಕು, ಜೊತೆಗೆ ಅಪತರ್ಪಣವೂ ಆಗಿರಬೇಕು. ಎಂದರೆ ಹೊಟ್ಟೆಯಲ್ಲಿ ನಿಂತು ಹಸಿವನ್ನು ತಣಿಸಬೇಕು, ಆದರೆ ಕೊಬ್ಬನ್ನು ಬೆಳೆಸಬಾರದು. ಉರಿಯುವ ಅಗ್ನಿಗೆ ಏನನ್ನೂ ಕೊಡದೆ ಉಪವಾಸ ಕೆಡವುವುದು ಈ ಚಿಕಿತ್ಸೆಯಲ್ಲ. ತಟ್ಟೆಯನ್ನು ಬರಿದು ಮಾಡುವುದಲ್ಲ, ಬದಲಿಸುವುದು.

ನ್ಯಾಮತಿಯ ಆ ತಾಯಿಯ ದಿನಚರಿಯನ್ನು ಬಿಡಿಸಿ ಕೇಳಿದಾಗ ಈ ಸೂತ್ರದ ಸತ್ಯ ಕಣ್ಣಿಗೆ ಕಟ್ಟಿತು. ರಾತ್ರಿ ಊಟವಿಲ್ಲವೆಂದು ಸಂಜೆ ಒಗ್ಗರಣೆ ಮಂಡಕ್ಕಿ. ಹಸಿವು ಮರೆಯಲು ದಿನಕ್ಕೆ ಆರು ಲೋಟ ಚಹ, ಲೋಟಕ್ಕೆ ಎರಡು ಚಮಚ ಸಕ್ಕರೆ. ಅಂದರೆ ದಿನಕ್ಕೆ ಸುಮಾರು 60 ಗ್ರಾಂ ಸಕ್ಕರೆ, 240 ಕ್ಯಾಲೊರಿ. ಇದಕ್ಕಿಂತ ಗಂಭೀರವಾದುದು ಇನ್ನೊಂದಿತ್ತು. ಊಟ ಬಿಟ್ಟರೂ ರಾತ್ರಿಯ ಮಾತ್ರೆಯನ್ನು ಬಿಟ್ಟಿರಲಿಲ್ಲ. ನಸುಕಿನಲ್ಲಿ ಮೈ ಬೆವೆತು ಕೈ ನಡುಗುತ್ತಿತ್ತು. ಅದನ್ನು ನಿಶ್ಶಕ್ತಿ ಎಂದು ತಿಳಿದು ಬೆಲ್ಲ, ಬಾಳೆಹಣ್ಣು ತಿಂದು ಮಲಗುತ್ತಿದ್ದರು. ಅದು ನಿಶ್ಶಕ್ತಿಯಲ್ಲ, ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿದ ಲಕ್ಷಣ. ಒಂಟಿಯಾಗಿ ಮಲಗಿದ್ದಾಗ ಎಚ್ಚರವಾಗದೇ ಹೋಗಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಮನಸ್ಸು ಕಂಪಿಸುತ್ತದೆ.

ಭೂಮಿ ಬದಲಾಯಿತು, ತುತ್ತು ಬದಲಾಗಲಿಲ್ಲ

ಭದ್ರಾ ನಾಲೆಯ ನೀರು ಹರಿದ ಮೇಲೆ ಚನ್ನಗಿರಿ, ಹೊನ್ನಾಳಿ ಭಾಗದಲ್ಲಿ ಭತ್ತದ ಗದ್ದೆ ಹರಡಿತು, ಅಡಿಕೆ ತೋಟ ಬೆಳೆಯಿತು. ನಮ್ಮ ಬಾಲ್ಯದಲ್ಲಿ ಹಬ್ಬದ ಅಡುಗೆಯಾಗಿದ್ದ ಬಿಳಿ ಅನ್ನ ಮೂರು ಹೊತ್ತಿನ ಊಟವಾಯಿತು. ಇತ್ತ ನೇಗಿಲ ಜಾಗಕ್ಕೆ ಟ್ರ್ಯಾಕ್ಟರ್ ಬಂತು, ಹೊಲಕ್ಕೆ ಹೋಗಲು ಬೈಕು ಬಂತು, ಅಡಿಕೆ ಸುಲಿಯಲು ಯಂತ್ರ ಬಂತು. ಗೇಯುವ ಮೈಗೆಂದು ಹಿರಿಯರು ಉಣ್ಣುತ್ತಿದ್ದ ಮುದ್ದೆಯ ಗಾತ್ರ, ಅನ್ನದ ರಾಶಿ ಮಾತ್ರ ಹಾಗೆಯೇ ಉಳಿಯಿತು.

ಜಗಳೂರಿನ ಬಯಲಿನ ಕಥೆ ಇನ್ನೊಂದು ಬಗೆಯದು. ನವಣೆ, ಸಾಮೆ, ಹಾರಕ, ಸಜ್ಜೆ, ಜೋಳ, ಹುರುಳಿ ಬೆಳೆಯುತ್ತಿದ್ದ ಒಣಭೂಮಿಯಲ್ಲಿ ಇಂದು ಮೆಕ್ಕೆಜೋಳವೇ ಮೆಕ್ಕೆಜೋಳ. ಅದು ಮಾರುವ ಬೆಳೆ, ಉಣ್ಣುವ ಬೆಳೆಯಲ್ಲ. ಉಣ್ಣಲು ಅಕ್ಕಿ ಅಂಗಡಿಯಿಂದ ಬರುತ್ತದೆ. ವಿಚಿತ್ರವೆಂದರೆ, ಸ್ಥೌಲ್ಯದಲ್ಲಿ ಹಿತವೆಂದು ಚರಕರು ಪಟ್ಟಿ ಮಾಡಿದ ಧಾನ್ಯಗಳಲ್ಲಿ ನವಣೆ, ಸಾಮೆಯ ಜಾತಿಯ ಕಿರುಧಾನ್ಯ, ಹಾರಕ, ಜೋಳ, ಹೆಸರು, ಹುರುಳಿ ಇವೇ ಇವೆ. ಜಗಳೂರಿನ ಹೊಲದಿಂದ ನಾವು ಹೊರಗೆ ಕಳಿಸಿದ್ದು ನಮ್ಮದೇ ಔಷಧವನ್ನು.

ಆದರೆ ಒಂದು ಎಚ್ಚರಿಕೆ. ಸಿರಿಧಾನ್ಯವೆಂದು ಎರಡು ಪಾಲು ಉಂಡರೆ ಸಕ್ಕರೆ ಏರಿಯೇ ಏರುತ್ತದೆ. ರಾಗಿಮುದ್ದೆಗೂ ಇದೇ ಮಾತು. ಧಾನ್ಯ ಬದಲಿಸುವುದು ಅರ್ಧ ಕೆಲಸ. ಅಳತೆ ತಗ್ಗಿಸುವುದು ಉಳಿದರ್ಧ.

ಕಾಲುಕಾಲಾಗಿ ಬಿಡುವ ಕ್ರಮ

ಅಭ್ಯಾಸವಾಗಿರುವ ಅಹಿತವನ್ನು ಒಮ್ಮೆಗೇ ಬಿಡಬಾರದು, ಕಾಲುಭಾಗದಂತೆ ಕ್ರಮವಾಗಿ ಬಿಡುತ್ತ ಹಿತವಾದುದನ್ನು ಅಷ್ಟಷ್ಟೇ ಸೇರಿಸಬೇಕೆಂದು ಚರಕರ ಮತ. ಹಠದಿಂದ ಒಂದೇ ದಿನ ಎಲ್ಲವನ್ನೂ ಬಿಟ್ಟವರು ತಿಂಗಳೊಳಗೆ ಹಳೆಯ ದಾರಿಗೆ ಮರಳುವುದನ್ನು ನಾವು ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ನೋಡಿದ್ದೇವೆ.

ಮೊದಲ ಎರಡು ವಾರ ಅನ್ನ ಅಥವಾ ಮುದ್ದೆಯಲ್ಲಿ ಕಾಲುಭಾಗ ಕಡಿಮೆ ಮಾಡಿ, ಆ ಜಾಗಕ್ಕೆ ಹುರುಳಿ, ಹೆಸರು, ಅಲಸಂದೆ ಕಾಳಿನ ಪಲ್ಯ ಬಡಿಸಿಕೊಳ್ಳಬೇಕು. ಮುಂದಿನ ಎರಡು ವಾರ ಮತ್ತೆ ಕಾಲುಭಾಗ ತಗ್ಗಿಸಿ ಸೊಪ್ಪು, ಹೀರೇಕಾಯಿ, ಹಾಗಲ, ಮೂಲಂಗಿ, ಸೌತೆ ಹೆಚ್ಚಿಸಬೇಕು. ಕೊನೆಗೆ ತಟ್ಟೆಯ ಅರ್ಧ ತರಕಾರಿ, ಕಾಲು ಕಾಳು-ಬೇಳೆ, ಕಾಲು ಮಾತ್ರ ಧಾನ್ಯ ಉಳಿಯಬೇಕು. ಮೊದಲು ಪಲ್ಯ, ಕೋಸಂಬರಿ, ಆಮೇಲೆ ಅನ್ನ. ಚಹದ ಸಕ್ಕರೆಯನ್ನೂ ಹೀಗೆಯೇ ಕಾಲುಕಾಲು ಇಳಿಸಬೇಕು. ಅಡುಗೆಯ ಎಣ್ಣೆ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರಿನ ಆಸುಪಾಸು ಸಾಕು. ಮೂತ್ರಪಿಂಡದ ತೊಂದರೆ ಇರುವವರು ಕಾಳು ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳತಕ್ಕದ್ದು.

ಇಲ್ಲಿ ಭಕ್ತರ ಮನಸ್ಸಿನಲ್ಲಿ ಒಂದು ಸಂಕೋಚವಿದೆ: ದಾಸೋಹದಲ್ಲಿ ಬಡಿಸಿದ ಪ್ರಸಾದವನ್ನು ಬಿಡುವುದು ಹೇಗೆ? ಬಿಡಬಾರದು, ನಿಜ. ಆದರೆ ಬಡಿಸಿಕೊಳ್ಳುವ ಮುನ್ನವೇ ಕೈ ಅಡ್ಡ ಮಾಡಬಹುದಲ್ಲ! ಆಯ್ದಕ್ಕಿ ಮಾರಯ್ಯ ಶರಣರು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಹಿಂದಿರುಗಿಸಿ ಬರುವಂತೆ ತಿಳಿಹೇಳಿದವರು ಲಕ್ಕಮ್ಮ ತಾಯಿ. ಬೇಕಾದಷ್ಟನ್ನೇ ಸ್ವೀಕರಿಸುವುದು ಪ್ರಸಾದಕ್ಕೆ ಅಗೌರವವಲ್ಲ. ಬಡಿಸುವ ಸೇವಾಕರ್ತರೂ “ಇನ್ನೊಂಚೂರು” ಎಂದು ಒತ್ತಾಯಿಸದಿದ್ದರೆ ಅದೂ ದಾಸೋಹವೇ.

ನಡಿಗೆ ಎಂಬ ಔಷಧ

ಬಡ ಪ್ರಮೇಹ ರೋಗಿಗೆ ಸುಶ್ರುತರು ಹೇಳಿದ ಚಿಕಿತ್ಸೆ ಕೇಳಿದರೆ ಆಶ್ಚರ್ಯವಾಗುತ್ತದೆ. ಅವನು ಕೊಡೆ, ಪಾದರಕ್ಷೆ ಇಲ್ಲದೆ, ಭಿಕ್ಷಾನ್ನ ಉಣ್ಣುತ್ತ, ಊರಿಗೊಂದೇ ರಾತ್ರಿ ತಂಗುತ್ತ, ಮುನಿಯಂತೆ ನೂರು ಯೋಜನ ನಡೆಯಬೇಕು. ಇಲ್ಲವೇ ಬಾವಿ ತೋಡಬೇಕು. ನಮ್ಮ ಜಂಗಮರ ಸಂಚಾರ, ಶರಣರ ಕಾಯಕ ಎರಡೂ ಇದರಲ್ಲಿವೆ. ಇಂದು ಅಷ್ಟು ಬೇಡ, ಬರಿಗಾಲಂತೂ ಮಧುಮೇಹಿಗಳಿಗೆ ಬೇಡವೇ ಬೇಡ. ಸ್ಪರ್ಶ ತಗ್ಗಿದ ಪಾದಕ್ಕೆ ಮುಳ್ಳು ನಾಟಿದ್ದೂ ತಿಳಿಯದು. ಪ್ರತಿ ಊಟದ ನಂತರ ಹತ್ತು-ಹದಿನೈದು ನಿಮಿಷ, ಬೆಳಿಗ್ಗೆ ಅರ್ಧ ಗಂಟೆ ಚುರುಕಾಗಿ ನಡೆದರೆ ಸಾಕು. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ.

ತೂಕ ನಿಂತಾಗ ಧೃತಿಗೆಡಬೇಡಿ

ಕೆಲವು ಕಿಲೋ ಇಳಿದ ಮೇಲೆ ತೂಕ ನಿಲ್ಲುವುದು ಸಹಜ. ಆಹಾರ ತಗ್ಗಿದಂತೆ ದೇಹವೂ ತನ್ನ ಖರ್ಚನ್ನು ತಗ್ಗಿಸುತ್ತದೆ. ಆದರೂ ಒಳಗಿನ ಲಾಭ ನಿಲ್ಲುವುದಿಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರ ಮತ್ತು ನಡಿಗೆಯನ್ನು ತಿದ್ದಿಕೊಂಡವರಿಗೆ ಮಧುಮೇಹ ಬರುವ ಸಾಧ್ಯತೆ ಶೇ. 28ರಷ್ಟು ತಗ್ಗಿತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ ಎಂಬುದು ಗಮನಾರ್ಹ. ತೂಕದ ಯಂತ್ರ ಒಬ್ಬ ಸಾಕ್ಷಿ ಮಾತ್ರ. ಸೊಂಟದ ಅಳತೆ, ರಕ್ತಪರೀಕ್ಷೆ, ಮೆಟ್ಟಿಲು ಹತ್ತುವ ಉಸಿರು ಇವೂ ಸಾಕ್ಷಿಗಳೇ.

ಎಲ್ಲವನ್ನೂ ಪಾಲಿಸಿದರೂ ತೂಕ ಏರುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಸಕ್ಕರೆಯ ಕೆಲವು ಮಾತ್ರೆಗಳು, ಇನ್ಸುಲಿನ್, ಸ್ಟಿರಾಯ್ಡ್ ಕೂಡ ತೂಕ ಹೆಚ್ಚಿಸಬಲ್ಲವು. ಬದಲಿಸುವ ಅವಕಾಶವಿದೆಯೇ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು. ನಿದ್ರೆ ಕೆಟ್ಟರೂ ಹಸಿವು ಏರುತ್ತದೆ.

ಮೂರು ಎಚ್ಚರಿಕೆಗಳು

ಒಂದು, ಮಾತ್ರೆ ನುಂಗುವವರು ಸೋಮವಾರದ ಉಪವಾಸ, ಶಿವರಾತ್ರಿಯ ನಿರಾಹಾರ ಕೈಗೊಳ್ಳುವ ಮುನ್ನ ವೈದ್ಯರನ್ನು ಕೇಳಬೇಕು. ಬೆವರು, ನಡುಕ, ಮಂಕು ಕಂಡರೆ ವ್ರತಭಂಗವೆಂದು ಅಳುಕದೆ ಕೂಡಲೇ ಸಕ್ಕರೆ ನೀರು ಕುಡಿಯಬೇಕು.

ಎರಡು, ಸಕ್ಕರೆ ಅಥವಾ ಕೊಲೆಸ್ಟರಾಲಿನ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ನಿಶಾಮಲಕಿ, ತ್ರಿಫಲಾ ಮೊದಲಾದವನ್ನು ನಾವೂ ಕೊಡುತ್ತೇವೆ; ಆದರೆ ಅವು ಮಾತ್ರೆಗೆ ಬದಲಿಯಲ್ಲ. ಎರಡೂ ಕಡೆಯ ವೈದ್ಯರಿಗೆ ಎರಡೂ ಔಷಧಗಳು ತಿಳಿದಿರಬೇಕು.

ಮೂರು, ಜಾತ್ರೆಯಲ್ಲಿ, ಮೊಬೈಲಿನಲ್ಲಿ ಸಿಗುವ ಹೆಸರಿಲ್ಲದ ತೂಕ ಇಳಿಸುವ ಪುಡಿಗಳನ್ನು “ಆಯುರ್ವೇದ” ಎಂಬ ಪದ ನೋಡಿ ನಂಬಬಾರದು. ಆಯುರ್ವೇದದ ವೈದ್ಯರಾಗಿಯೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇವೆ.

ನ್ಯಾಮತಿಯ ತಾಯಿಯ ಮಾತಿನಿಂದಲೇ ಮುಗಿಸೋಣ. ಅವರ ವೈದ್ಯರು ರಾತ್ರಿಯ ಮಾತ್ರೆಯನ್ನು ಬದಲಿಸಿದರು. ಬಿಟ್ಟಿದ್ದ ರಾತ್ರಿಯ ಊಟವನ್ನು ನಾವು ಮತ್ತೆ ಆರಂಭಿಸಿದೆವು: ಒಂದು ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ಮಜ್ಜಿಗೆ. “ಊಟ ಮಾಡಿ ತೂಕ ಇಳಿಸೋದಾ?” ಎಂದು ನಕ್ಕಿದ್ದರು. ಹತ್ತು ತಿಂಗಳಲ್ಲಿ ಇಳಿದದ್ದು ನಾಲ್ಕೇ ಕಿಲೋ. ಆದರೆ ಸೊಂಟ ಆರು ಸೆಂಟಿಮೀಟರ್ ತಗ್ಗಿದೆ, ಎಚ್‌ಬಿಎ1ಸಿ 6.6ಕ್ಕೆ ಬಂದಿದೆ, ಟ್ರೈಗ್ಲಿಸರೈಡ್ 158 ಆಗಿದೆ. ನಸುಕಿನ ನಡುಕ ಇಲ್ಲವಾಗಿದೆ. ಮೊನ್ನೆ ಬಂದವರು ತೂಕದ ಯಂತ್ರದ ಕಡೆ ನೋಡಲೂ ಇಲ್ಲ. “ಈಗ ರಾತ್ರಿ ಉಂಡು ನೆಮ್ಮದಿಯಾಗಿ ಮಲಗ್ತೀನಿ ಡಾಕ್ಟ್ರೇ” ಎಂದರು.

ಲಿಂಗವನ್ನು ಧರಿಸುವ ಈ ಕಾಯವನ್ನು ದಂಡಿಸಿ ದಾರಿಗೆ ತರಲಾಗದು. ಅರಿತು, ಅಳೆದು, ಕಾಲುಕಾಲಾಗಿ ತಿದ್ದಬಹುದು. ಈ ರಾತ್ರಿಯ ಊಟದಿಂದಲೇ ಆ ಮೊದಲ ಕಾಲುಭಾಗ ಆರಂಭವಾಗಲಿ.