ವಾಹನದ ಸಂವೇದಕಗಳೂ ಚಾಲಕನ ಖಾಸಗಿತನವೂ

ನಮ್ಮ ಕಾಕಾ ಬಾಡಿಗೆ ಗಾಡಿಯ ಚಾಲಕರು. ಇಂದು ಆಳಂದ, ನಾಳೆ ಅಫಜಲಪುರ ತಾಲೂಕಿನ ದೇವಲ ಗಾಣಗಾಪುರ, ನಾಡಿದ್ದು ಜೇವರ್ಗಿ ಎಂದು ಅವರ ದಿನಗಳು ರಸ್ತೆಯಲ್ಲಿಯೇ ಕಳೆಯುತ್ತವೆ. ಅವರ ಗಾಡಿಗೆ ಸ್ಥಳಸೂಚಕ ಯಂತ್ರವನ್ನು ಕೂಡಿಸಿದಾಗ ನಾನು ವಿಜ್ಞಾನದ ಉಪಕಾರವನ್ನು ಮನಸಾರೆ ಹೊಗಳಿದೆನು. ಕಾಕಾ ಸುಮ್ಮನೆ ಕೇಳಿ, "ಗಾಡಿ ಎಲ್ಲಿ ನಿಂತದ ಅಂತ ಮಾಲಕರಿಗೆ ಗೊತ್ತಾಗ್ತದ, ಯಾಕ ನಿಂತದ ಅಂತ ಗೊತ್ತಾಗಂಗಿಲ್ಲ" ಎಂದರು. ಜೇವರ್ಗಿಯಲ್ಲಿ ಪ್ರಯಾಣಿಕರನ್ನು ಇಳಿಸಿ, ಅದೇ ಊರಿಗೆ ಕೊಟ್ಟ ಮಗಳನ್ನು ಅರ್ಧ ತಾಸು ನೋಡಿ ಬಂದುದಕ್ಕೆ ಅವರ ಒಂದು ದಿನದ ಪಗಾರ ಹೋಗಿತ್ತು.

ಎಲ್ಲ ಸಂವೇದಕಗಳೂ ಒಂದೇ ಜಾತಿಯವಲ್ಲ. 2019ರ ಜುಲೈ 1ರಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಸೀಟ್ ಬೆಲ್ಟ್ ನೆನಪಿಸುವ ಗಂಟೆ, ಹಿಂದಕ್ಕೆ ಸರಿಯುವಾಗ ಎಚ್ಚರಿಸುವ ಸಂವೇದಕ, ಗಂಟೆಗೆ 80 ಕಿಲೋಮೀಟರ್ ದಾಟಿದರೆ ಆಗಾಗ, 120 ದಾಟಿದರೆ ಎಡೆಬಿಡದೆ ಕೂಗುವ ವೇಗಸೂಚಕ, ಇವು ಕಡ್ಡಾಯವಾದುವು. ಇವು ಗಾಡಿಯೊಳಗೇ ನೋಡಿ, ಗಾಡಿಯೊಳಗೇ ಕೂಗುತ್ತವೆ. ಇದಕ್ಕಾಗಿ ಯಾರಿಗೂ ಸುದ್ದಿ ಕಳಿಸಬೇಕಾಗಿಲ್ಲ. ಇವುಗಳಿಂದ ಖಾಸಗಿತನಕ್ಕೆ ಕುಂದೆಂದು ಯಾರಾದರೂ ವಾದಿಸಿದರೆ ನಾನು ಒಪ್ಪಲಾರೆನು. (ಬೆಲ್ಟಿನ ಕೊಂಡಿಯನ್ನು ಮಾತ್ರ ಸಿಕ್ಕಿಸಿ ಗಂಟೆಯ ಬಾಯಿ ಮುಚ್ಚಿಸುವ ಮಹನೀಯರು ಕಾಯುವುದು ಖಾಸಗಿತನವನ್ನಲ್ಲ!)

ಕಾಕಾನ ಯಂತ್ರವು ಎರಡನೆಯ ಜಾತಿಯದು. ಉಪಗ್ರಹಗಳಿಂದ ತನ್ನ ಸ್ಥಾನವನ್ನು ಅರಿತು, ಮೊಬೈಲ್ ಜಾಲದ ಮೂಲಕ ಅದನ್ನು ಹೊರಗೆ ಕಳಿಸುತ್ತದೆ. 2019ರ ಜನವರಿ 1ರಿಂದ ನೋಂದಾಯಿತವಾದ ಹೊಸ ಸಾರ್ವಜನಿಕ ಸೇವಾ ವಾಹನಗಳಿಗೆ ಇದೂ ಆಪತ್ಕಾಲದ ಗುಂಡಿಯೂ ಕಡ್ಡಾಯ, ಆಟೋಗಳಿಗೆ ವಿನಾಯಿತಿಯುಂಟು. ಗುಂಡಿ ಒತ್ತಿದಾಗ ಮಾತ್ರ ಸ್ಥಳ ತಿಳಿದರೆ ಸಾಲದೇ ಎಂದು ಮೊದಲು ನನಗನಿಸಿತ್ತು. ಆದರೆ ರಾತ್ರಿ ಒಬ್ಬಳೇ ಬರುವ ಸಹಪಾಠಿನಿಗೆ ಗುಂಡಿ ಒತ್ತಲೂ ಅವಕಾಶ ಸಿಗದಿದ್ದರೆ? ಆಗ ಗಾಡಿ ಕೊನೆಗೆ ಎಲ್ಲಿತ್ತೆಂಬುದೇ ಹುಡುಕುವವರಿಗೆ ಆಧಾರ. ಆದುದರಿಂದ ಸುದ್ದಿ ಹೊರಗೆ ಹೋಗುವುದು ಅವಶ್ಯವೆಂದೇ ಈಗ ನನ್ನ ಮತ. ಅದು ಯಾರ ಕೈಗೆ ಹೋಗಿ, ಎಷ್ಟು ದಿನ ಉಳಿಯಬೇಕೆಂಬುದೇ ಜಗಳದ ಮೂಲ.

2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ 9 ಮಂದಿ ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿದರು. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಸರಕಾರವು ಈ ಹಕ್ಕನ್ನು ಮೊಟಕುಗೊಳಿಸುವುದಾದರೆ ಕಾನೂನಿನ ಆಧಾರವಿರಬೇಕು, ಉದ್ದೇಶ ನ್ಯಾಯವಾಗಿರಬೇಕು, ಕ್ರಮವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬುದು ಆ ತೀರ್ಪಿನ ಅಳತೆಗೋಲು. ಇದೇ ಕೋಲಿನಿಂದ ಅಳೆದರೆ, ಪ್ರಯಾಣಿಕರು ಕುಳಿತಿರುವಾಗ ಗಾಡಿಯ ಜಾಡು ರಕ್ಷಣಾ ಕೇಂದ್ರಕ್ಕೆ ಸಲ್ಲುವುದು ತಕ್ಕದ್ದೇ. ಖಾಲಿ ಗಾಡಿಯ ಅರ್ಧ ತಾಸು ಮಾಲಕರ ಮೊಬೈಲಿಗೆ ಹೋಗುವುದರಲ್ಲಿ ಯಾವ ಪ್ರಯಾಣಿಕನ ರಕ್ಷಣೆಯಿದೆ?

ಗಾಡಿ ಮಾಲಕರದು, ಡೀಸೆಲ್ಲೂ ಅವರದು ಎಂಬ ವಾದವೂ ಪೊಳ್ಳಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಉದ್ಯೋಗದ ಉದ್ದೇಶಗಳಿಗೆ, ಮಾಲಕನನ್ನು ನಷ್ಟದಿಂದ ಕಾಪಾಡುವುದಕ್ಕೆ, ನೌಕರನ ಸಮ್ಮತಿಯಿಲ್ಲದೆಯೇ ಮಾಹಿತಿಯನ್ನು ಬಳಸಲು ಎಡೆಗೊಟ್ಟಿದೆ. ಇದನ್ನು ಓದಿ ಹೇಳಿದಾಗ ಕಾಕಾ, "ಹಂಗಾದ್ರ ಮಗಳನ್ನೇ ರಸ್ತೆಗೆ ಕರಸ್ತೀನಿ ಬಿಡು" ಎಂದರು.