ಅಭ್ಯಾಸದ ಹಾರಾಟ

ಹರಿಹರದವರಾದ ನಮಗೆ 1941 ಎಂದರೆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಹುಟ್ಟಿದ ವರ್ಷ. ಕಾರ್ಖಾನೆ ಈಗಿಲ್ಲ. ನಮ್ಮ ಅಜ್ಜ ಅಲ್ಲಿ ದುಡಿದವರು. ಅವರ ವಂಶದಲ್ಲಿ ಬಿ. ಎ. ಓದಲೆಂದು ದಾವಣಗೆರೆಯ ರೈಲು ಹತ್ತಿದವನು ನಾನೇ ಮೊದಲಿಗ. ಅದೇ ವರ್ಷ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯು ಹಾರ್ಲೋ ಎಂಬ ತರಬೇತಿ ವಿಮಾನವನ್ನು ಜೋಡಿಸಿ ಹಾರಿಸಿತು. ಮಹಾಯುದ್ಧಕ್ಕೆ ವಿಮಾನಗಳು ಬೇಕಾದಂತೆಯೇ ಅವನ್ನು ನಡೆಸಬಲ್ಲ ತರುಣರೂ ಬೇಕಾಗಿದ್ದರು.

ಅಂಥ ತರುಣರಲ್ಲೊಬ್ಬನು ಜಾನ್ ಗಿಲೆಸ್ಪಿ ಮಗೀ. 'ಹೈ ಫ್ಲೈಟ್' ಎಂಬ ಆತನ ಸಾನೆಟ್ಟನ್ನು ವಾಚಕರಲ್ಲಿ ಕೆಲವರಾದರೂ ಓದಿರಬಹುದು. ತಂದೆ ಅಮೆರಿಕದ ಪಾದ್ರಿ, ತಾಯಿ ಇಂಗ್ಲೆಂಡಿನವರು. ಅಮೆರಿಕವು ಇನ್ನೂ ಯುದ್ಧಕ್ಕೆ ಇಳಿಯದಿದ್ದಾಗಲೇ, ಯೇಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿವೇತನವನ್ನೂ ಬಿಟ್ಟು, 1940ರಲ್ಲಿ ಕೆನಡಾದ ವಾಯುಪಡೆಯನ್ನು ಸೇರಿದನು. (ವಿದ್ಯಾರ್ಥಿವೇತನವನ್ನು ಬಿಡುವುದೆಂದರೆ ನಮ್ಮಂಥವರ ಊಹೆಗೂ ನಿಲುಕದ ಮಾತು!) ಹಾರಾಟದ ಹಿಗ್ಗನ್ನು ಹಾಡಿದ ಆ ಪದ್ಯವನ್ನು 1941ರ ಸೆಪ್ಟೆಂಬರಿನಲ್ಲಿ ತಂದೆತಾಯಿಗಳಿಗೆ ಕಾಗದದೊಡನೆ ಕಳುಹಿಸಿದನು.

ಅದೇ ಡಿಸೆಂಬರ್ 11. ಇಂಗ್ಲೆಂಡಿನ ಲಿಂಕನ್‌ಶೈರ್ ಪ್ರಾಂತದಲ್ಲಿ ವಿಮಾನ ನಿಲ್ದಾಣಗಳು ಒತ್ತೊತ್ತಾಗಿದ್ದವು. ಅಭ್ಯಾಸ ಮುಗಿಸಿದ ಸ್ಪಿಟ್‌ಫೈರ್ ವಿಮಾನಗಳು ಮೋಡದ ಸಂದಿಯೊಂದರಲ್ಲಿ ಕೆಳಗಿಳಿಯುತ್ತಿದ್ದವು. ಕೆಳಗೆ ಕ್ರಾನ್‌ವೆಲ್ ತರಬೇತಿ ಕೇಂದ್ರದ ಆಕ್ಸ್‌ಫರ್ಡ್ ವಿಮಾನವೊಂದು ಹಾರುತ್ತಿತ್ತು. ಮೋಡದಿಂದ ಇಳಿಯುವವನಿಗೆ ಕೆಳಗಿನವನು ಕಾಣನು. ಕೆಳಗಿನವನಿಗೆ ಮೇಲಿನವನು ಕಾಣನು. ಕಣ್ಣನ್ನೇ ನಂಬಿ ಹಾರುವ ಕಾಲವದು. ಸುಮಾರು 1,400 ಅಡಿ ಎತ್ತರದಲ್ಲಿ ಎರಡೂ ಡಿಕ್ಕಿಯಾದವು. ಮಗೀ ತಲೆಯ ಮೇಲಿನ ಮುಚ್ಚಳವನ್ನು ಹಿಂದಕ್ಕೆ ತಳ್ಳಿ, ಎದ್ದು ನಿಂತು ಧುಮುಕಿದ್ದನ್ನು ಹೊಲದಲ್ಲಿದ್ದ ರೈತನೊಬ್ಬನು ಕಂಡನು. ಪ್ಯಾರಾಷೂಟು ಬಿಚ್ಚಿಕೊಳ್ಳಬೇಕಾದರೆ ಕಾಲ ಬೇಕು, ಕಾಲಕ್ಕೆ ಎತ್ತರ ಬೇಕು. ಅಷ್ಟು ಎತ್ತರವು ಉಳಿದಿರಲಿಲ್ಲ. ಇನ್ನೊಂದು ವಿಮಾನದ ಶಿಷ್ಯ ಚಾಲಕನೂ ಸತ್ತನು. ಇಬ್ಬರಿಗೂ ವಯಸ್ಸು 19.

ಇಲ್ಲಿ ಶತ್ರುವಿನ ಗುಂಡಿಲ್ಲ. ಹಾಗೆಂದು ಇದನ್ನು ಕೇವಲ ಆಕಸ್ಮಿಕವೆನ್ನಲು ನನ್ನ ಮನಸ್ಸು ಒಪ್ಪದು. ಯುದ್ಧದ ಅವಸರವೇ ಅಷ್ಟು ಮಂದಿ ಎಳೆಯರನ್ನು ಅಷ್ಟು ಕಿರಿದಾದ ಆಕಾಶಕ್ಕೆ ಅಟ್ಟಿತ್ತು. ಕೆನಡಾದ ತರಬೇತಿ ಯೋಜನೆಯೊಂದರಲ್ಲೇ 1,31,553 ಮಂದಿ ತರಬೇತಿ ಪಡೆದು ಹೊರಬಂದರು. 856 ಮಂದಿ ತರಬೇತಿಯ ಅಪಘಾತಗಳಲ್ಲಿ ಸತ್ತರು.

ಒಂದು ರಾತ್ರಿ ಇದನ್ನೆಲ್ಲ ಅವ್ವನಿಗೆ ಹೇಳುತ್ತಿದ್ದೆ. ವಾಯುಪಡೆಯ ಪರೀಕ್ಷೆಗೆ ನಾನು ತುಂಬಿದ ಅರ್ಜಿಯು ಪುಸ್ತಕದೊಳಗೇ ಇತ್ತು. ಅದರ ವಿಷಯ ತೆಗೆಯಲೆಂದೇ ಕುಳಿತಿದ್ದೆನು. ಪದ್ಯದ ಮಾತನ್ನು ಅವ್ವ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

"ಆ ಇನ್ನೊಂದು ಹುಡುಗ ಯಾರಪ್ಪಾ?" ಎಂದಳು.

ಅರ್ನೆಸ್ಟ್ ಗ್ರಿಫಿನ್ ಎಂದು ಹೆಸರು ಹೇಳಿದೆನು. ಅರ್ಜಿಯ ಮಾತನ್ನು ಆ ರಾತ್ರಿ ಎತ್ತಲಿಲ್ಲ.